ಹತ್ತು ಪಟ್ಟಿನ ಮಡಚು ಲೆನ್ಸ್: ಸಂಡೂರು ಗುಡ್ಡದ ಹಳದಿ ಹೂಗಳಿಗೆ ಸಾಕೇ?

ಶಿವರಾತ್ರಿ ಹತ್ತಿರ ಬಂತೆಂದರೆ ಸಂಡೂರು ಕಡೆಯ ಗುಡ್ಡಗಳಲ್ಲಿ, ಕೊಪ್ಪಳದ ಬಂಡೆಗಲ್ಲುಗಳ ಸಂದಿಯಲ್ಲಿ ಅರಿಶಿನ ಬೂರುಗ ಹೂ ಬಿಡುತ್ತದೆ. ಮರದಲ್ಲಿ ಎಲೆ ಇರುವುದಿಲ್ಲ, ಬೋಳು ಕೊಂಬೆಯ ತುದಿಗೆ ಅಂಗೈಯಗಲದ ಹಳದಿ ಹೂ. ಫೋಟೋ ತೆಗೆದು ಫೋನಿನಲ್ಲಿ ಹುಡುಕಿದರೆ ಇಂಗ್ಲಿಷಿನಲ್ಲಿ ಸಿಗುವ ಹೆಸರುಗಳಲ್ಲೊಂದು ‘ಬಟರ್‌ಕಪ್ ಟ್ರೀ’. ಅಲ್ಲಿಂದ ಬಟರ್‌ಕಪ್ ಅಂತ ಮುಂದಕ್ಕೆ ಹುಡುಕಿಕೊಂಡು ಹೋದವರಿಗೆ ಸಿಗುವುದು ಅಮೆರಿಕದ ಹುಲ್ಲುಗಾವಲಿನಲ್ಲಿ ವಸಂತ ಕಾಲಿಟ್ಟ ಕೂಡಲೇ ಅರಳುವ ಗೇಣುದ್ದದ ಗಿಡ. ಎರಡಕ್ಕೂ ಹಳದಿ ಬಣ್ಣ, ಐದು ದಳ, ಎಣಿಸಲಾರದಷ್ಟು ಕೇಸರ. ನೆಂಟಸ್ತನ ಮಾತ್ರ ಇಲ್ಲ. ಈ ಗೊಂದಲ ಬಿಡಿಸಲು ಫೋಟೋ ಸಾಲದು. ಹೂವಿನ ನಟ್ಟನಡುವೆ ಏನಿದೆ ಎಂದು ಕಣ್ಣಾರೆ ನೋಡಬೇಕು, ಅದಕ್ಕೆ ಬೇಕಾದದ್ದು ಜೇಬಿನಲ್ಲಿ ಹಿಡಿಸುವ ಹತ್ತು ಪಟ್ಟಿನ ಮಡಚು ಲೆನ್ಸ್. ಅಕ್ಕಸಾಲಿಗರು ಹರಳು ನೋಡಲು ಬಳಸುತ್ತಾರಲ್ಲ, ಅದೇ. ಅಂಗಡಿಯಲ್ಲಿ ‘ಲೂಪ್’ ಎಂದು ಕೇಳಿದರೆ ಕೊಡುತ್ತಾರೆ.

ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹೂ ಗುರುತಿಸುವುದಕ್ಕೆ ಗಾಜಿನ, ಮೂರು ಮಸೂರ ಅಂಟಿಸಿದ, ಹದಿನೆಂಟರಿಂದ ಇಪ್ಪತ್ತೊಂದು ಮಿಲಿಮೀಟರ್ ಅಗಲದ ಹತ್ತು ಪಟ್ಟಿನ ಲೆನ್ಸ್ ಸಾಕು. ಇಪ್ಪತ್ತು ಪಟ್ಟಿನದು ಬಯಲಲ್ಲಿ ಕೆಲಸಕ್ಕೆ ಬರುವುದಿಲ್ಲ. ‘ಮೂವತ್ತು ಪಟ್ಟು’ ಎಂದು ಕೆತ್ತಿ ಇನ್ನೂರು-ಮುನ್ನೂರು ರೂಪಾಯಿಗೆ ಮಾರುವ ಹೊಳಪಿನ ಡಬ್ಬಿಯನ್ನು ಆ ಅಂಕಿ ನಂಬಿ ಕೊಳ್ಳಬೇಡಿ.

ಕಾರಣ ಸರಳ ಗಣಿತ. ಇನ್ನೂರೈವತ್ತನ್ನು ಲೆನ್ಸಿನ ನಾಭಿದೂರದಿಂದ ಭಾಗಿಸಿದರೆ ಎಷ್ಟು ಪಟ್ಟು ಎಂಬುದು ಸಿಗುತ್ತದೆ. ಹತ್ತು ಪಟ್ಟಿನದಕ್ಕೆ ನಾಭಿದೂರ ಇಪ್ಪತ್ತೈದು ಮಿಲಿಮೀಟರ್, ಇಪ್ಪತ್ತರದ್ದಕ್ಕೆ ಹನ್ನೆರಡೂವರೆ. ಮೂವತ್ತು ಪಟ್ಟು ನಿಜವೇ ಆಗಿದ್ದರೆ ಎಂಟೂಚಿಲ್ಲರೆ ಬರಬೇಕು. ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು. ಬಾಗಿಲಿಗೆ ಎದುರಾಗಿ ಒಳಗೋಡೆಯ ಹತ್ತಿರ ನಿಂತು, ಬಿಳಿ ಕಾಗದದ ಮುಂದೆ ಲೆನ್ಸ್ ಹಿಡಿದು ಹಿಂದೆ-ಮುಂದೆ ಸರಿಸಿ. ಬಾಗಿಲಿನ ಪುಟ್ಟ ತಲೆಕೆಳಗಾದ ಚಿತ್ರ ಕಾಗದದ ಮೇಲೆ ಚೊಕ್ಕವಾಗಿ ಮೂಡಿದಾಗ ಲೆನ್ಸಿಗೂ ಕಾಗದಕ್ಕೂ ನಡುವಿನ ಅಂತರ ಅಳೆಯಿರಿ, ಅದೇ ನಾಭಿದೂರ. ‘30×21’ ಎಂದು ಬರೆದ ಅಗ್ಗದ ಲೆನ್ಸುಗಳು ಈ ಅಳತೆಯಲ್ಲಿ ಸಾಮಾನ್ಯವಾಗಿ ಹತ್ತರ ಆಸುಪಾಸಿಗೇ ಬಂದು ನಿಲ್ಲುತ್ತವೆ. ಇಪ್ಪತ್ತೊಂದು ಎನ್ನುವುದು ಗಾಜಿನ ಅಗಲ ಮಾತ್ರ.

ಹಾಗಾದರೆ ಅದೂ ಹತ್ತು ಪಟ್ಟೇ ಆಯಿತಲ್ಲ, ಕಡಿಮೆ ದುಡ್ಡಿಗೆ ಅದನ್ನೇ ಯಾಕೆ ತಗೊಳ್ಳಬಾರದು? ಸ್ಟೀಲ್ ಸ್ಕೇಲಿನ ಮಿಲಿಮೀಟರ್ ಗೆರೆಗಳನ್ನು ಅದರಲ್ಲಿ ನೋಡಿ. ಒಂಟಿ ಮಸೂರದ ಅಗ್ಗದ ಲೆನ್ಸಿನಲ್ಲಿ ನಡುವಿನ ಗೆರೆಗಳು ನೆಟ್ಟಗಿರುತ್ತವೆ, ಅಂಚಿಗೆ ಹೋದಂತೆ ಬಿಲ್ಲಿನ ಹಾಗೆ ಬಾಗುತ್ತವೆ, ಗೆರೆಯ ಒಂದು ಬದಿಗೆ ನೀಲಿ, ಇನ್ನೊಂದು ಬದಿಗೆ ಕಿತ್ತಳೆ ಬಣ್ಣ ಒಸರಿದಂತೆ ಕಾಣುತ್ತದೆ. ಉಪಯೋಗಕ್ಕೆ ಬರುವುದು ನಡುವಿನ ಭಾಗವಷ್ಟೇ. ಹಳದಿ ಹೂವಿನ ಮೇಲೆ ಈ ಬಣ್ಣದ ಅಂಚು ಬಹಳ ಕಾಡುತ್ತದೆ, ಏಕೆಂದರೆ ದಳದ ಬುಡದಲ್ಲಿ ಕೆಂಪು ಮಚ್ಚೆ ಇದೆಯೋ ಲೆನ್ಸಿನದೇ ಬಣ್ಣವೋ ತಿಳಿಯುವುದಿಲ್ಲ. ಮೂರು ಮಸೂರದ ಲೆನ್ಸಿನಲ್ಲಿ ಗೆರೆಗಳು ಅಂಚಿನವರೆಗೆ ಬಹುಮಟ್ಟಿಗೆ ನೆಟ್ಟಗೆ, ಕಪ್ಪು ಕಪ್ಪಾಗಿಯೇ ಇರುತ್ತವೆ. ಬೆಲೆ ಸಾವಿರದ ಆಸುಪಾಸು, ಕೆಲವು ಇನ್ನೂ ಮೇಲೆ. ಶಾಲೆಯ ಮಕ್ಕಳ ಗುಂಪಿಗೆ ಅಗ್ಗದ್ದೇ ಆದೀತು, ತಪ್ಪೇನಿಲ್ಲ. ವರ್ಷಗಟ್ಟಲೆ ಬಳಸುವವರು ದುಡ್ಡು ಹಾಕಬೇಕು.

ಬಳ್ಳಾರಿಯಲ್ಲಿ ಇನ್ನೊಂದು ಬಗೆಯೂ ಕೈಗೆ ಸಿಗುತ್ತದೆ. ಜೀನ್ಸ್ ಹೊಲಿಯುವ ಊರು ಇದು, ಬಟ್ಟೆಯ ನೂಲಿನ ಎಳೆ ಎಣಿಸುವ ಚೌಕಟ್ಟಿನ ಮಡಚು ಲೆನ್ಸ್ ಆ ಕಸುಬಿನವರ ಬಳಿ ಇರುತ್ತದೆ. ಕಾಲುಗಳ ಮೇಲೆ ನಿಲ್ಲುತ್ತದೆ, ಫೋಕಸ್ ತಾನಾಗಿಯೇ ಸರಿ, ತಳದಲ್ಲಿ ಅಳತೆ ಗೆರೆಯೂ ಉಂಟು. ಎಲೆಯ ರೋಮ, ಬೀಜದ ಮೇಲ್ಮೈ ನೋಡಲು ಸೊಗಸಾದ ಸಾಧನ. ಆದರೆ ಹೂವನ್ನು ಕಿತ್ತು ಚಪ್ಪಟೆ ಮಾಡಿ ಅದರಡಿ ಇಡಬೇಕು, ಗಿಡದ ಮೇಲಿರುವ ಹೂವಿನೊಳಕ್ಕೆ ಇಣುಕಲು ಆಗದು. ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವುದು ಹೆಚ್ಚಾಗಿ ಮೂರು-ಐದು ಪಟ್ಟಿನದು, ಕೇಸರ ಎಣಿಸುವುದಕ್ಕೆ ಸಾಕು, ಅದಕ್ಕಿಂತ ಮುಂದಕ್ಕೆ ಇಲ್ಲ.

ಹಿಡಿಯುವ ರೀತಿಯಲ್ಲಿ ಹತ್ತರಲ್ಲಿ ಒಂಬತ್ತು ಜನ ತಪ್ಪುತ್ತಾರೆ. ಪತ್ತೇದಾರಿ ಸಿನಿಮಾದಲ್ಲಿ ಭೂತಗನ್ನಡಿ ಹಿಡಿಯುವಂತೆ ಮಾರುದ್ದ ಹಿಡಿದರೆ ಏನೂ ಕಾಣಿಸದು. ಲೆನ್ಸ್ ಹಿಡಿದ ಕೈಯ ಹೆಬ್ಬೆರಳು ಕೆನ್ನೆಗೆ ತಾಗಬೇಕು, ಲೆನ್ಸ್ ಕಣ್ಣಿನ ರೆಪ್ಪೆಗೆ ತಾಗುವಷ್ಟು ಹತ್ತಿರ ಇರಬೇಕು. ಆಮೇಲೆ ಇನ್ನೊಂದು ಕೈಯಿಂದ ಹೂವನ್ನು ಲೆನ್ಸಿನತ್ತ ತರಬೇಕು, ಒಂದಂಗುಲ ಅಂತರಕ್ಕೆ ಬಂದಾಗ ಚೊಕ್ಕವಾಗುತ್ತದೆ. ಎರಡೂ ಕೈ ಒಂದಕ್ಕೊಂದು ಆತುಕೊಂಡಿದ್ದರೆ ಗಾಳಿಗೆ ಅಲುಗಾಟ ಕಡಿಮೆ. ಇನ್ನೊಂದು ಕಣ್ಣನ್ನು ಮುಚ್ಚಬೇಡಿ, ಹತ್ತು ನಿಮಿಷದಲ್ಲಿ ಮುಖದ ಸ್ನಾಯು ಸೋಲುತ್ತದೆ. ದೂರದೃಷ್ಟಿ, ಸಮೀಪದೃಷ್ಟಿ ಕನ್ನಡಕ ಇದ್ದರೆ ಹಣೆಗೆ ಏರಿಸಿ ನೋಡಬಹುದು, ಅಂತರ ಸ್ವಲ್ಪ ಹೆಚ್ಚುಕಡಿಮೆ ಮಾಡಿಕೊಂಡರೆ ಸರಿಹೋಗುತ್ತದೆ. ಸಿಲಿಂಡರ್ ಪವರ್ ಇದ್ದವರು ಮಾತ್ರ ಕನ್ನಡಕ ಹಾಕಿಕೊಂಡೇ ನೋಡಬೇಕು. ನೆಲಕ್ಕಂಟಿದ ಗಿಡವಾದರೆ ಮಂಡಿಯೂರುವುದಲ್ಲ, ಪೂರ್ತಿ ಮಲಗುವುದೇ.

ಹತ್ತು ಪಟ್ಟಿನಲ್ಲಿ ಒಮ್ಮೆಗೆ ಸ್ಪಷ್ಟವಾಗಿ ಕಾಣುವ ಆಳ ಒಂದೆರಡು ಮಿಲಿಮೀಟರ್ ಮಾತ್ರ. ಇಪ್ಪತ್ತಕ್ಕೆ ಹೋದರೆ ಅದೂ ಇಲ್ಲ, ಮೇಲಾಗಿ ಅರ್ಧ ಅಂಗುಲ ಅಂತರದಲ್ಲಿ ನಿಮ್ಮ ಮೂಗಿನದೇ ನೆರಳು ಹೂವಿನ ಮೇಲೆ ಬೀಳುತ್ತದೆ. ಇಪ್ಪತ್ತು ಬೇಡ ಎಂದದ್ದು ಇದಕ್ಕೆ.

ಈಗ ಲೆನ್ಸನ್ನು ಹೂವಿನ ಮೇಲಿಡೋಣ. ಲೆನ್ಸಿನ ಬೆಲೆ ಗೊತ್ತಾಗುವುದು ‘ಕೇಸರ ಲೆಕ್ಕಕ್ಕೆ ಸಿಗದ’ ಹಳದಿ ಹೂಗಳ ಗುಂಪಿನಲ್ಲಿ. ನಮ್ಮ ಕಡೆ ಬೇಸಿಗೆಯ ಮುಂಚೆ ಅಂಥವು ಮುಖ್ಯವಾಗಿ ಎರಡು, ಅರಿಶಿನ ಬೂರುಗ ಮತ್ತು ದತ್ತೂರಿ (ಆರ್ಜಿಮೋನ್). ಪಾಪಾಸುಕಳ್ಳಿಯನ್ನೂ ಸೇರಿಸಬಹುದು, ಆದರೆ ಅದನ್ನು ಗುರುತಿಸಲು ಲೆನ್ಸ್ ಬೇಡ, ಬೆರಳಿಗೆ ಚುಚ್ಚಿದರೆ ತಿಳಿಯುತ್ತದೆ.

ಅರಿಶಿನ ಬೂರುಗದ ಉದುರಿದ ಹೂ ಮರದಡಿಯೇ ಸಿಗುತ್ತದೆ, ಏರಬೇಕಾಗಿಲ್ಲ. ದಳ ಐದು, ಕೇಸರ ರಾಶಿ. ಒಂದು ಕೇಸರದ ತುದಿಯ ಪರಾಗಕೋಶಕ್ಕೆ ಲೆನ್ಸ್ ಹಿಡಿಯಿರಿ. ಬಹಳಷ್ಟು ಹೂಗಳಲ್ಲಿ ಪರಾಗಕೋಶ ಉದ್ದಕ್ಕೆ ಸೀಳುತ್ತದೆ, ಇದರಲ್ಲಿ ತುದಿಗೆ ಪುಟ್ಟ ರಂಧ್ರ. ಹೂವನ್ನು ಅಂಗೈ ಮೇಲೆ ಕುಟ್ಟಿದರೆ ಪರಾಗ ಉಪ್ಪಿನ ಡಬ್ಬಿಯಿಂದ ಉದುರಿದಂತೆ ಬೀಳುತ್ತದೆ. ನಡುವೆ ಒಂದೇ ಅಂಡಾಶಯ, ಅದರ ಮೇಲೆ ಒಂದೇ ಎಳೆ. ಮುಂದೆ ಇದೇ ಪೇರಳೆಯಾಕಾರದ ಕಾಯಾಗಿ ಬಿರಿದು ಒಳಗಿನಿಂದ ರೇಷ್ಮೆಯಂಥ ಅರಳೆ ಹೊರಬರುತ್ತದೆ.

ದತ್ತೂರಿ ನಮ್ಮ ನೆಲದ್ದಲ್ಲ, ಮೆಕ್ಸಿಕೊ ಕಡೆಯಿಂದ ಬಂದ ಕಳೆ. ರಾಯಚೂರು, ಸಿಂಧನೂರು ಕಡೆ ಎರೆ ಹೊಲದ ಬದುವಿನಲ್ಲಿ, ರಸ್ತೆಯ ಅಂಚಿನಲ್ಲಿ ಚಳಿ ಕಳೆಯುವ ಹೊತ್ತಿಗೆ ಹಳದಿಯಾಗಿ ನಿಂತಿರುತ್ತದೆ. ಮುಳ್ಳಿನೆಲೆ, ಮುರಿದರೆ ಹಳದಿ ಹಾಲು. ದಳ ನಾಲ್ಕರಿಂದ ಆರು, ಹೆಚ್ಚಾಗಿ ಆರು. ಲೆನ್ಸ್ ಬೇಕಾಗುವುದು ಹೂವಿನ ನಡುವಿಗೆ. ಎಳೆಯೇ ಇಲ್ಲವೆನ್ನುವಷ್ಟು ಗಿಡ್ಡ, ಅಂಡಾಶಯದ ತಲೆಯ ಮೇಲೆ ಕಡುಗೆಂಪು ಬಣ್ಣದ ಸೀಳುಸೀಳಾದ ಟೋಪಿ ಕೂತಂತೆ ಶಲಾಕಾಗ್ರ, ಅಂದರೆ ಪರಾಗ ಹಿಡಿಯುವ ತುದಿ. ಒಣಗಿದ ಕಾಯಿಂದ ಬೀಜ ಉದುರಿಸಿ ನೋಡಿ. ಬರಿಗಣ್ಣಿಗೆ ಸಾಸಿವೆಯೇ, ಹತ್ತು ಪಟ್ಟಿನಲ್ಲಿ ಮಾತ್ರ ಮೈತುಂಬ ಬಲೆಯ ಹೆಣಿಗೆ ಕಾಣುತ್ತದೆ. ಸಾಸಿವೆ ಎಣ್ಣೆಗೆ ಈ ಬೀಜ ಬೆರೆತೇ ಕಾಲು ಬಾವು ಬರುವ, ಹೃದಯಕ್ಕೆ ಪೆಟ್ಟು ಕೊಡುವ ರೋಗ ಹಲವು ಸಲ ಉತ್ತರ ಭಾರತದಲ್ಲಿ ಹಬ್ಬಿದ್ದು. ಬೀಜವನ್ನು ಬಾಯಿಗೆ ಹಾಕಿ ನೋಡುವ ಅಭ್ಯಾಸ ಇಲ್ಲಿ ಬೇಡ.

ನಿಜವಾದ ಬಟರ್‌ಕಪ್ ಹೇಗೆ ಬೇರೆ? ಅದರ ನಡುವೆ ಒಂದು ಅಂಡಾಶಯ ಇರುವುದಿಲ್ಲ. ಒಂದೊಂದೂ ಬಿಡಿಯಾದ ಹತ್ತಾರು ಪುಟ್ಟ ಹಸಿರು ಶಲಾಕೆಗಳು (ಹೂವಿನ ಹೆಣ್ಣು ಭಾಗಗಳು) ಗುಬ್ಬಿಯಂಥ ದಿಂಡಿನ ಮೇಲೆ ಒತ್ತಾಗಿ ಕೂತಿರುತ್ತವೆ, ಪ್ರತಿಯೊಂದಕ್ಕೂ ತನ್ನದೇ ಕೊಕ್ಕು. ಬಿಡಿ ಶಲಾಕೆ ಎಂದರೇನು ಎಂಬುದು ಮನಸ್ಸಿಗೆ ಹಿಡಿಯದಿದ್ದರೆ ಸೀತಾಫಲದ ಹೂ ಬಿಡಿಸಿ ನೋಡಿ. ಬಟರ್‌ಕಪ್ಪಿಗೆ ಹತ್ತಿರದ ಸಂಬಂಧಿಯಲ್ಲದಿದ್ದರೂ ಅದರಲ್ಲೂ ಇಂಥವೇ ಹತ್ತಾರು ಶಲಾಕೆ ಇರುತ್ತವೆ, ಹಣ್ಣಾಗುವಾಗ ಅವೆಲ್ಲ ಅಂಟಿಕೊಂಡು ಒಂದೊಂದು ಕಣ್ಣಾಗುತ್ತವೆ.

ಇನ್ನೊಂದು ಗುರುತು ದಳದ ಬುಡದಲ್ಲಿ. ಬಟರ್‌ಕಪ್ಪಿನ ಪ್ರತಿ ದಳದ ಒಳಬುಡಕ್ಕೂ ಮಕರಂದದ ಪುಟ್ಟ ಚೀಲ, ಬಹಳ ಜಾತಿಗಳಲ್ಲಿ ಅದರ ಮೇಲೆ ಮುಚ್ಚಳದಂಥ ಹೊಪ್ಪಳೆ. ಬರಿಗಣ್ಣಿಗೆ ಕಾಣದು, ಹತ್ತು ಪಟ್ಟಿಗೆ ಸುಲಭ. ದಳದ ಎಣ್ಣೆ ಹಚ್ಚಿದಂಥ ಹೊಳಪಿಗೂ ಕಾರಣ ಉಂಟು. ಮೇಲೆ ತೆಳುವಾದ ಬಣ್ಣದ ಪದರ, ಅದರಡಿ ಗಾಳಿ, ಅದಕ್ಕೂ ಕೆಳಗೆ ಬೆಳಕನ್ನು ಹಿಂದಕ್ಕೆ ಚೆಲ್ಲುವ ಪಿಷ್ಟದ ಪದರ. ನಮ್ಮ ದತ್ತೂರಿಯ ದಳ ನವಿರಾದ ಕಾಗದದಂತೆ, ಹೊಳಪಿಲ್ಲ.

ಅಮೆರಿಕದ ಪೂರ್ವ ಭಾಗದ ಒಣ ಹುಲ್ಲುಗಾವಲುಗಳಲ್ಲಿ ಎಲ್ಲಕ್ಕಿಂತ ಮುಂಚೆ ಅರಳುವ ದೇಶೀ ಬಟರ್‌ಕಪ್ ರಾನಂಕ್ಯುಲಸ್ ಫ್ಯಾಸಿಕ್ಯುಲಾರಿಸ್. ಅಲ್ಲಿನವರಿಗೂ ಗೊಂದಲ ಇದ್ದೇ ಇದೆ, ಯುರೋಪಿನಿಂದ ಬಂದು ಹಬ್ಬಿದ ಫಿಕೇರಿಯಾ ವರ್ನಾ ಕೂಡ ಅದೇ ಕಾಲಕ್ಕೆ ಹಳದಿಯಾಗುತ್ತದೆ. ಲೆನ್ಸಿಗೂ ಮುಂಚೆ ಹೂವನ್ನು ಹಿಂದೆ ತಿರುಗಿಸಿದರೆ ಅರ್ಧ ಕೆಲಸ ಮುಗಿಯಿತು. ದೇಶೀ ಗಿಡಕ್ಕೆ ಪುಷ್ಪಪತ್ರ (ದಳಗಳ ಹಿಂದಿನ ಹೊರ ಎಸಳು) ಐದು, ದಳ ಸಾಮಾನ್ಯವಾಗಿ ಐದು. ಪರದೇಶಿಗೆ ಪುಷ್ಪಪತ್ರ ಮೂರು, ದಳ ಎಂಟರ ಆಸುಪಾಸು. ಎಲೆಯಲ್ಲೂ ವ್ಯತ್ಯಾಸವಿದೆ. ದೇಶೀಯದು ಸೀಳಿದ ಎಲೆ, ಅದರ ಮೇಲೆ ಮೈಗೆ ಒರಗಿದ ರೇಷ್ಮೆಯಂಥ ರೋಮ. ಪರದೇಶಿಯದು ಸೀಳಿಲ್ಲದ, ಹೃದಯಾಕಾರದ, ನುಣುಪಾದ ಎಲೆ. ರೋಮ ಒರಗಿದೆಯೋ ಎದ್ದು ನಿಂತಿದೆಯೋ ಎಂಬುದನ್ನು ಲೆನ್ಸಿಲ್ಲದೆ ಹೇಳಲಾಗದು. ಎಲೆಯನ್ನು ಬೆಳಕಿಗೆ ಅಡ್ಡಲಾಗಿ ಹಿಡಿದು ಅಂಚನ್ನು ನೋಡಬೇಕು. ಬಟರ್‌ಕಪ್ಪಿನ ರಸವೂ ಚರ್ಮ ಬೊಬ್ಬೆಯೇಳಿಸುವಂಥದ್ದು.

ಈ ಕುಲ ಬಹುಮಟ್ಟಿಗೆ ತಂಪು ನಾಡಿನದು. ಬಳ್ಳಾರಿಯ ಬಿಸಿಲಲ್ಲಿ ಹುಡುಕುತ್ತ ಹೋಗುವ ಬದಲು ಅದರ ನೆಂಟನನ್ನು ಕಿರಾಣಿ ಅಂಗಡಿಯಲ್ಲೇ ನೋಡಬಹುದು. ಕಲೋಂಜಿ ಎಂದು ಮಾರುವ ಕರಿಬೀಜ ಬಟರ್‌ಕಪ್ಪಿನದೇ ಕುಟುಂಬ. ಹೊಸ ಲೆನ್ಸ್ ತಂದ ದಿನ ಅದರ ನಾಲ್ಕು ಕಾಳು ತಟ್ಟೆಗೆ ಹಾಕಿ. ಮೂರು ಮೂಲೆ, ಸುಕ್ಕುಗಟ್ಟಿದ ಮೈ ಸ್ಪಷ್ಟವಾಗಿ ಕಂಡರೆ ನಿಮ್ಮ ಹಿಡಿತ ಸರಿಯಾಗಿದೆ ಎಂದರ್ಥ.

ಕೇಸರ ಎಣಿಕೆಗೆ ಸಿಗುವ ಹಳದಿ ಹೂಗಳು ಇದಕ್ಕಿಂತ ಸುಲಭ. ತಂಗಡಿಗೆ ಹತ್ತು ಕೇಸರ, ಎಲ್ಲವೂ ಒಂದೇ ಸಮ ಅಲ್ಲ, ಮೇಲಿನ ಮೂರು ಕೆಲಸಕ್ಕೆ ಬಾರದವು. ಆದರೆ ತಂಗಡಿಯನ್ನು ಖಚಿತ ಮಾಡುವುದು ಹೂವಲ್ಲ, ಎಲೆ. ಜೋಡಿ ಕಿರುಎಲೆಗಳ ನಡುವೆ ಕಡ್ಡಿಯಂತೆ ನಿಂತ ಗ್ರಂಥಿ, ಎಲೆಯ ಬುಡಕ್ಕೆ ಕಿವಿಯಂಥ ಅಗಲ ಪತ್ರ. ನೆಗ್ಗಿನಮುಳ್ಳಿಗೂ ಐದು ದಳ, ಹತ್ತು ಕೇಸರ. ಎದುರುಬದುರಾದ ಎಲೆಗಳಲ್ಲಿ ಒಂದು ಉದ್ದ, ಒಂದು ಗಿಡ್ಡ. ಗಂಗಾವತಿ, ಸಿಂಧನೂರು ಕಡೆ ಕಾಲುವೆ ನೀರಿನ ಗದ್ದೆಯಲ್ಲಿ ನಾಲ್ಕೇ ದಳದ ಹಳದಿ ಹೂ ಕಂಡರೆ, ದಳದ ಕೆಳಗೆ ತೊಟ್ಟಿನಂತೆ ಕಾಣುವ ಉದ್ದ ಭಾಗವನ್ನು ಅಡ್ಡ ಕತ್ತರಿಸಿ. ಒಳಗೆ ಕಾಳುಕಾಳಾಗಿ ಅಂಡಗಳಿದ್ದರೆ ಅದು ತೊಟ್ಟಲ್ಲ, ಅಂಡಾಶಯ. ಲಡ್ವಿಜಿಯಾ ಎಂಬ ಕುಲದ್ದು. ಗೋಳಿಪಲ್ಯೆಯ ಕಾಯಿ ಡಬ್ಬಿಯ ಮುಚ್ಚಳದಂತೆ ತೆರೆದುಕೊಳ್ಳುವುದನ್ನು ಮಾತ್ರ ಒಮ್ಮೆ ನೋಡಲೇಬೇಕು.

ಶ್ರೀಮುದ್ರೆ ಗಿಡ ಈ ಲೆನ್ಸಿಗೆ ಹೇಳಿ ಮಾಡಿಸಿದ್ದು. ಕೇಸರಗಳೆಲ್ಲ ಬುಡದಲ್ಲಿ ಕೂಡಿ ಕೊಳವೆಯಾಗಿರುವುದು ದಾಸವಾಳದ ಕುಟುಂಬದ ಗುರುತು. ಎಲೆಯ ಹಿಂಬದಿ ನೋಡಿ. ಬರಿಗಣ್ಣಿಗೆ ಮಖಮಲ್ಲು, ಲೆನ್ಸಿನಲ್ಲಿ ಒಂದೇ ಬುಡದಿಂದ ನಾಲ್ಕು ದಿಕ್ಕಿಗೂ ಚಾಚಿದ ನಕ್ಷತ್ರಾಕಾರದ ರೋಮಗಳು. ಹೂ ನೋಡಬೇಕಾದರೆ ಮಧ್ಯಾಹ್ನದ ಮೇಲೆ ಹೋಗಬೇಕು, ಬೆಳಿಗ್ಗೆ ಮೊಗ್ಗೇ ಸಿಗುವುದು ಹೆಚ್ಚು.

ಎಲ್‌ಇಡಿ ದೀಪ ಇರುವ ಲೆನ್ಸಿನ ಬಗ್ಗೆ ಕೇಳುವವರಿದ್ದಾರೆ. ಹಗಲಲ್ಲಿ ಬೇಡ. ದೀಪದ ಬಿಳುಪು ಹಳದಿಯನ್ನು ತೊಳೆದುಬಿಡುತ್ತದೆ, ಸುತ್ತಲಿನಿಂದ ಬೆಳಕು ಬಿದ್ದರೆ ರೋಮದ ನೆರಳೇ ಮಾಯವಾಗಿ ಒರಗಿದ ರೋಮ ಕಾಣಿಸುವುದಿಲ್ಲ. ಪಕ್ಕದಿಂದ ಬೀಳುವ ಬಿಸಿಲಿಗಿಂತ ಒಳ್ಳೆಯ ದೀಪವಿಲ್ಲ. ಫೋಟೋ ಬೇಕಾದರೆ ಇದೇ ಲೆನ್ಸನ್ನು ಫೋನಿನ ಮುಖ್ಯ ಕ್ಯಾಮೆರಾದ ಮುಂದೆ ಒತ್ತಿ ಹಿಡಿದು, ಎರಡು ಪಟ್ಟು ಜೂಮ್ ಮಾಡಿ ತೆಗೆಯಬಹುದು. ಆಗ ತಾನಾಗಿ ಮ್ಯಾಕ್ರೋಗೆ ಹೊರಳುವ ಆಯ್ಕೆಯನ್ನು ಆಫ್ ಮಾಡಿಡಬೇಕು, ಇಲ್ಲದಿದ್ದರೆ ಫೋನು ಅಗಲದ ಕ್ಯಾಮೆರಾಕ್ಕೆ ಹಾರಿ ಲೆನ್ಸಿನ ಚೌಕಟ್ಟಿನದೇ ಫೋಟೋ ತೆಗೆಯುತ್ತದೆ. ನಡುಹಗಲಲ್ಲಿ ಹಳದಿ ದಳ ಬರೀ ಬಣ್ಣದ ಮುದ್ದೆಯಾಗಿ ಬರುತ್ತದೆ, ಬೆಳಕಿನ ಗುಂಡಿಯನ್ನು ಕೆಳಕ್ಕೆ ಎಳೆದು ಅಂಗೈಯ ನೆರಳು ಕೊಡಿ. ಗಿಡ, ಪ್ರಾಣಿಗಳ ಫೋಟೋ ಹಾಕಿ ಗುರುತು ಕೇಳುವ ಐನ್ಯಾಚುರಲಿಸ್ಟ್‌ನಂಥ ಜಾಲತಾಣಕ್ಕೆ ಹಾಕುವುದಾದರೆ ಇಡೀ ಗಿಡ, ಎಲೆಯ ಎರಡೂ ಬದಿ, ಹೂವಿನ ಎದುರು ಮತ್ತು ಹಿಂಬದಿ, ಕಾಯಿ ಇಷ್ಟೂ ಇರಲಿ. ಹೂವಿನ ಮುಖವೊಂದನ್ನೇ ನೋಡಿ ಖಚಿತವಾಗಿ ಹೇಳಬಲ್ಲವರು ಕಡಿಮೆ.

ಕರಡಿಧಾಮ, ಮೀಸಲು ಅರಣ್ಯಗಳಲ್ಲಿ ಗಿಡ ಕೀಳುವಂತಿಲ್ಲ, ಅಲ್ಲಿ ಲೆನ್ಸಿನ ಉಪಯೋಗ ದುಪ್ಪಟ್ಟು. ದರೋಜಿ ಕಡೆ ಮುಂಜಾನೆ, ಸಂಜೆ ಕರಡಿ ಓಡಾಡುವ ಹೊತ್ತು. ಲೆನ್ಸಿಗೆ ಕಣ್ಣು ಹಚ್ಚಿದವರಿಗೆ ಸುತ್ತಲ ಪರಿವೆ ಇರುವುದಿಲ್ಲ, ಒಬ್ಬರೇ ಹೋಗಬಾರದು.

ಲೆನ್ಸನ್ನು ಹಾಳು ಮಾಡುವುದು ನಮ್ಮ ಕಡೆಯ ಧೂಳು. ಸಂಡೂರಿನ ಅದಿರಿನ ಕೆಂಪು ಪುಡಿ ಗಾಜಿನಷ್ಟೇ ಗಟ್ಟಿ, ಅದರೊಳಗಿನ ಮರಳು ಗಾಜಿಗಿಂತ ಗಟ್ಟಿ. ಅಂಗಿಯ ಚುಂಗಿನಿಂದ ಒಂದು ಸಲ ಉಜ್ಜಿದರೆ ಗೀರು ಖಾಯಂ, ಪ್ಲಾಸ್ಟಿಕ್ ಲೆನ್ಸಾದರೆ ಕಥೆ ಮುಗಿದಂತೆ. ಮೊದಲು ರಬ್ಬರ್ ಬುರುಡೆಯಿಂದ ಗಾಳಿ ಊದಿ, ಆಮೇಲೆ ಎರಡು ಹನಿ ನೀರು, ಕೊನೆಗೆ ತೊಳೆದು ಮೆದುವಾದ ಹತ್ತಿ ಬಟ್ಟೆ. ಥಿನ್ನರ್, ಪೆಟ್ರೋಲ್, ಉಗುರುಬಣ್ಣ ತೆಗೆಯುವ ದ್ರವ ತಾಗಿಸಬೇಡಿ, ಮೂರು ಮಸೂರಗಳನ್ನು ಹಿಡಿದಿರುವ ಅಂಟು ಬಿಟ್ಟು ನಡುವೆ ಕಾಮನಬಿಲ್ಲಿನ ಬಳೆ ಮೂಡುತ್ತದೆ, ಅದಕ್ಕೆ ರಿಪೇರಿ ಇಲ್ಲ. ಮಡಚುವ ಕೀಲಿನ ತಿರುಪು ಸಡಿಲವಾಗುವುದು ಎಲ್ಲ ಲೆನ್ಸಿನ ಸಾಮಾನ್ಯ ರೋಗ. ಕನ್ನಡಕದ ಅಂಗಡಿಯ ಸಣ್ಣ ಸ್ಕ್ರೂಡ್ರೈವರ್‌ನಿಂದ ಕಾಲು ಸುತ್ತು ಬಿಗಿ ಮಾಡಿದರೆ ಸಾಕು. ಕೀಲಿಗೆ ಎಣ್ಣೆ ಹಾಕಿದರೆ ಅದು ಗಾಜಿಗೆ ಹರಿದು ಧೂಳನ್ನೆಲ್ಲ ಕೂಡಿಸಿಕೊಳ್ಳುತ್ತದೆ.

ಕೊರಳಿಗೆ ಹಾಕುವ ದಾರ ಕೆಂಪೋ ನೀಲಿಯೋ ಇರಬೇಕು, ಇಲ್ಲದಿದ್ದರೆ ಒಣಹುಲ್ಲಲ್ಲಿ ಬಿದ್ದ ಸ್ಟೀಲ್ ಲೆನ್ಸನ್ನು ಹುಡುಕುವುದು ಕಷ್ಟ. ನೋಡಿದ ಕೂಡಲೇ ಮಡಚಿ ಚೌಕಟ್ಟಿನೊಳಗೆ ಸೇರಿಸಿ. ಮಾರ್ಚಿನ ಬಿಸಿಲಿಗೆ ತೆರೆದಿಟ್ಟ ಲೆನ್ಸ್ ಒಂದಂಗುಲ ಕೆಳಗಿನ ಕರಡಕ್ಕೆ ಕಿಡಿ ಹಚ್ಚಬಲ್ಲದು, ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟರೂ ಅಷ್ಟೇ.